ನಿಷ್ಠೆಗೆ ಎಷ್ಟು ಅಂಕ?

ನಮ್ಮವರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಕ್ರಿಕೆಟ್ಟಿಗೆ ಹೊರಳುವುದು ವಾಡಿಕೆ. ವಿಶ್ವನಾಥ್ ಅವರ ಸ್ಕ್ವೇರ್ ಕಟ್, ಚಂದ್ರಶೇಖರ್ ಅವರ ಗೂಗ್ಲಿ, ದ್ರಾವಿಡ್ ಅವರ ತಾಳ್ಮೆ, ಇವೆಲ್ಲ ನಾವು ಊರಿನಿಂದ ಕಟ್ಟಿಕೊಂಡು ಬಂದ ಬುತ್ತಿ. ಫುಟ್‌ಬಾಲ್ ಹಾಗಲ್ಲ. ಅದನ್ನು ಈ ದೇಶದಲ್ಲಿ ನಮ್ಮ ಮನೆಗಳೊಳಕ್ಕೆ ಕರೆತಂದವರು ನಮ್ಮ ಮಕ್ಕಳು. ಶಾಲೆಗೆ ಸೇರಿದ ಮೊದಲ ವಾರದಲ್ಲೇ "ನೀನು ಯಾವ ಟೀಮು?" ಎಂಬ ಪ್ರಶ್ನೆ ಎದುರಾಗುತ್ತದೆ. ಒಮ್ಮೆ ಉತ್ತರ ಕೊಟ್ಟರೆ ಮುಗಿಯಿತು, ಮನೆದೇವರ ಹಾಗೆ ಅದನ್ನು ಆಮೇಲೆ ಬದಲಾಯಿಸುವಂತಿಲ್ಲ.

ನಮ್ಮ ಮಗಳು ಆರನೆಯ ವಯಸ್ಸಿನಲ್ಲಿ ನಮ್ಮೂರಿನ ಕ್ಲಬ್ಬಿಗೆ ಹೀಗೆ ಒಕ್ಕಲಾದಳು. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಬರೆದರೆ ಓದುಗರಲ್ಲಿ ಅರ್ಧ ಮಂದಿ ಪುಟ ಮಗುಚಿಬಿಟ್ಟಾರು! ಈಗ ಅವಳಿಗೆ ಇಪ್ಪತ್ತೈದು. ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯೆ. ಏಳು ವರ್ಷಗಳಿಂದ ಅವಳ ಹೆಸರಿನಲ್ಲಿ ಸೀಸನ್ ಟಿಕೆಟ್ ಇದೆ, ಆದ್ದರಿಂದ ಊರಿನ ಮೈದಾನದಲ್ಲಿ ನಡೆಯುವ ಪಂದ್ಯಗಳಿಗೆ ತೊಂದರೆಯಿಲ್ಲ. ಆದರೆ ತಂಡ ಪರಊರಿಗೆ ಹೋಗಿ ಆಡುವಾಗ, ಅಂದರೆ ಇಲ್ಲಿಯವರು 'ಅವೇ ಮ್ಯಾಚ್' ಎನ್ನುವುದಕ್ಕೆ, ಅವಳಿಗೆ ಟಿಕೆಟ್ ಸಿಗುವುದು ಧನುರ್ಮಾಸದಲ್ಲಿ ಮಾವಿನಹಣ್ಣು ಸಿಕ್ಕಷ್ಟೇ ಅಪರೂಪ. ಕಾರಣ, ಅವಳ ಖಾತೆಯಲ್ಲಿ ಸಾಕಷ್ಟು 'ಲಾಯಲ್ಟಿ ಪಾಯಿಂಟು' ಇಲ್ಲ. "ಹತ್ತೊಂಬತ್ತು ವರ್ಷ ಈ ತಂಡಕ್ಕಾಗಿ ಅತ್ತವಳು ನಾನು. ನನ್ನ ನಿಷ್ಠೆ ಸಾಲದು ಅಂತ ಕಂಪ್ಯೂಟರು ಹೇಳುತ್ತೆ. ಇದು ನ್ಯಾಯವೇನಪ್ಪ?" ಎಂದು ಅವಳು ಊಟದ ಮೇಜಿನಲ್ಲಿ ಕೇಳಿದಾಗ ನಾವು ದಂಪತಿಗಳು ಮೊದಲು ನಕ್ಕೆವು. ಯೋಚಿಸುತ್ತ ಹೋದಂತೆ, ಅದು ಅಷ್ಟು ಸುಲಭವಾಗಿ ನಕ್ಕು ಬಿಡುವ ಪ್ರಶ್ನೆಯಲ್ಲ ಎನ್ನಿಸಿತು.

ಫುಟ್‌ಬಾಲಿನ ಗಂಧವಿಲ್ಲದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳು. ಒಂದೊಂದಕ್ಕೂ ವರ್ಷಕ್ಕೆ 38 ಪಂದ್ಯ, ಅದರಲ್ಲಿ 19 ಪರಊರಿನಲ್ಲಿ. ಆತಿಥೇಯ ಕ್ಲಬ್ಬು ಹೊರಗಿನಿಂದ ಬರುವ ಅಭಿಮಾನಿಗಳಿಗೆ 3,000 ಸೀಟುಗಳನ್ನು ಇಲ್ಲವೇ ತನ್ನ ಮೈದಾನದ ಶೇಕಡಾ 10ರಷ್ಟನ್ನು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು, ಬಿಟ್ಟುಕೊಡಬೇಕೆಂಬುದು ಲೀಗಿನ ನಿಯಮ. ಮ್ಯಾಂಚೆಸ್ಟರಿನ ಓಲ್ಡ್ ಟ್ರ್ಯಾಫರ್ಡಿನಲ್ಲಿ ಸುಮಾರು 74 ಸಾವಿರ ಜನ ಕೂರಬಹುದು, ಆದ್ದರಿಂದ ಅಲ್ಲಿ 3,000. ಬೋರ್ನ್‌ಮತ್ ಕ್ಲಬ್ಬಿನದು ಸುಮಾರು 11 ಸಾವಿರದ ಪುಟ್ಟ ಮೈದಾನ, ಅಲ್ಲಿ ಸಾವಿರ ಚಿಲ್ಲರೆ. ಎಫ್.ಎ. ಕಪ್ಪಿನಲ್ಲಿ ಮಾತ್ರ ಶೇಕಡಾ 15 ಕೇಳುವ ಹಕ್ಕಿದೆ. ದೊಡ್ಡ ಕ್ಲಬ್ಬುಗಳ ಸೀಸನ್ ಟಿಕೆಟ್‌ದಾರರೇ ಹತ್ತಾರು ಸಾವಿರ. ಪಂಕ್ತಿಯಲ್ಲಿ ಎಲೆ ಹತ್ತು, ಕಾಯುವವರು ನೂರು ಎಂಬಂಥ ಸ್ಥಿತಿ.

ಇಂಥ ಕಡೆ ಸಾಮಾನ್ಯವಾಗಿ ಹಣ ತೀರ್ಪು ಕೊಡುತ್ತದೆ. ಬೇಡಿಕೆ ಹೆಚ್ಚಾದರೆ ಬೆಲೆ ಏರುತ್ತದೆ, ಕೊಡಲಾರದವನು ತಾನಾಗಿ ಹಿಂದೆ ಸರಿಯುತ್ತಾನೆ. ಇಲ್ಲಿಯ ಅಭಿಮಾನಿಗಳು ಇದನ್ನು ಒಪ್ಪಲಿಲ್ಲ ಎಂಬುದು ಮೆಚ್ಚತಕ್ಕ ಸಂಗತಿ. 2013ರಲ್ಲಿ ಅಭಿಮಾನಿಗಳ ಒಕ್ಕೂಟ, ಪರಊರಿನ ಟಿಕೆಟ್ಟಿಗೆ ಇಪ್ಪತ್ತು ಪೌಂಡು ಸಾಕು ಎಂದು ಚಳವಳಿ ಹೂಡಿತು. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲಿನ ಆನ್‌ಫೀಲ್ಡ್ ಮೈದಾನದಲ್ಲಿ, ಕೆಲವು ಟಿಕೆಟ್ಟುಗಳ ಬೆಲೆಯನ್ನು 77 ಪೌಂಡಿಗೆ ಏರಿಸುವ ಯೋಜನೆಯನ್ನು ವಿರೋಧಿಸಿ, ಸಾವಿರಾರು ಜನ 77ನೆಯ ನಿಮಿಷಕ್ಕೆ ಸರಿಯಾಗಿ ಎದ್ದು ಹೊರನಡೆದರು. ಕ್ಲಬ್ಬು ಆ ಯೋಜನೆಯನ್ನು ಕೈಬಿಟ್ಟಿತು. ಮರುತಿಂಗಳೇ ಪ್ರೀಮಿಯರ್ ಲೀಗಿನ ಕ್ಲಬ್ಬುಗಳು ಪರಊರಿನ ಟಿಕೆಟ್ಟಿಗೆ 30 ಪೌಂಡಿನ ಗರಿಷ್ಠ ಮಿತಿ ಹಾಕಲು ಒಪ್ಪಿದವು. 2016–17ರಿಂದ ಅದು ಜಾರಿಗೆ ಬಂದು ನಂತರದ ವರ್ಷಗಳಲ್ಲೂ ಮುಂದುವರಿಯಿತು.

ಬೆಲೆಯ ಬಾಯಿಗೆ ಬೀಗ ಬಿದ್ದ ಮೇಲೆ ಹಂಚುವುದಕ್ಕೆ ಬೇರೆ ದಾರಿ ಬೇಕಲ್ಲ. ಮೊದಲು ಬಂದವರಿಗೆ ಮೊದಲು ಎನ್ನಬಹುದು, ಚೀಟಿ ಎತ್ತಬಹುದು, ಇಲ್ಲವೇ ಚಿತ್ರಗುಪ್ತನ ಹಾಗೆ ಪ್ರತಿಯೊಬ್ಬರ ಲೆಕ್ಕವನ್ನೂ ಬರೆದಿಡಬಹುದು. ಬಹಳಷ್ಟು ಕ್ಲಬ್ಬುಗಳು ಈ ಮೂರನೆಯದನ್ನು ಒಂದಲ್ಲ ಒಂದು ರೂಪದಲ್ಲಿ ಹಿಡಿದಿವೆ, ಕೆಲವು ಚೀಟಿಯನ್ನೂ ಸೇರಿಸಿಕೊಂಡಿವೆ. ನಮ್ಮೂರಿನ ಪದ್ಧತಿ ಹೀಗೆ: ಪರಊರಿನ ಪಂದ್ಯಕ್ಕೆ ಟಿಕೆಟ್ ಕೊಂಡಾಗಲೆಲ್ಲ ಖಾತೆಗೆ ಅಂಕ ಸೇರುತ್ತದೆ. ಮುಂದಿನ ಪಂದ್ಯದ ಮಾರಾಟ ಹೆಚ್ಚು ಅಂಕದವರಿಂದ ಆರಂಭವಾಗಿ ದಿನದಿಂದ ದಿನಕ್ಕೆ ಕೆಳಗಿಳಿಯುತ್ತದೆ. ನಮ್ಮ ಮಗಳ ಮೆಟ್ಟಿಲಿಗೆ ಬರುವಷ್ಟರಲ್ಲಿ 'ಮುಗಿದಿದೆ' ಎಂಬ ಫಲಕ.

ಈ ಪದ್ಧತಿಯ ಪರವಾಗಿ ಹೇಳುವುದು ಬಹಳ ಇದೆ. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಬಸ್ ಚಾಲಕರೊಬ್ಬರಿದ್ದಾರೆ. 1970ರ ದಶಕದಿಂದ ಈ ತಂಡದ ಹಿಂದೆ ಊರೂರು ಸುತ್ತಿದವರು. ತಂಡ ಕೆಳಗಿನ ಡಿವಿಷನ್ನಿಗೆ ಬಿದ್ದಿದ್ದಾಗ, ಮಂಗಳವಾರ ರಾತ್ರಿ, ಸುರಿಯುವ ಮಳೆಯಲ್ಲಿ, ಮುನ್ನೂರು ಜನರ ನಡುವೆ ನಿಂತು ಸೋಲು ನೋಡಿ ಬೆಳಗಿನ ಪಾಳಿಗೆ ಹೋದವರು. "ಆಗ ಟಿಕೆಟ್ ಕೇಳುವವರೇ ಇರಲಿಲ್ಲ. ಈಗ ಗೆಲ್ಲುವ ಕಾಲ ಬಂತು, ಎಲ್ಲರೂ ಬಂದರು. ನನ್ನ ಜಾಗ ಚೀಟಿ ಎತ್ತಿ ಕೊಡುತ್ತೀರಾ?" ಎಂದು ಅವರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಕಷ್ಟಕಾಲದಲ್ಲಿ ಜೊತೆಗಿದ್ದವರಿಗೆ ಸುಖಕಾಲದಲ್ಲಿ ಮೊದಲ ಎಲೆ ಹಾಕುವುದು ಧರ್ಮವೇ ಸರಿ. ನ್ಯೂಕಾಸಲಿನಿಂದ ಬೋರ್ನ್‌ಮತ್‌ಗೆ ಸುಮಾರು 350 ಮೈಲಿ. ಟಿ.ವಿ.ಯವರ ಅನುಕೂಲಕ್ಕೆ ಪಂದ್ಯ ಸೋಮವಾರ ರಾತ್ರಿಗೆ ಹೋದರೆ ಮನೆಗೆ ಮರಳಲು ರೈಲೂ ಇರುವುದಿಲ್ಲ. ಇಷ್ಟಾದರೂ ಹೋಗುವವರನ್ನು 'ನಿಷ್ಠರು' ಎನ್ನದೆ ಮತ್ತೇನೆನ್ನೋಣ?

ಆದರೂ ನಮ್ಮ ತಕರಾರು ಉಳಿಯುತ್ತದೆ. ಈ ಅಂಕ ನಿಷ್ಠೆಯನ್ನು ಅಳೆಯುತ್ತಿದೆಯೇ, ಅಥವಾ ನಿಷ್ಠೆಯ ಹೆಸರಿನಲ್ಲಿ ಬೇರೇನನ್ನೋ ಅಳೆಯುತ್ತಿದೆಯೇ?

ಮೊದಲನೆಯದಾಗಿ, ಹೊಸಬರ ಪಾಡು. ಅಂಕವಿಲ್ಲದೆ ಟಿಕೆಟ್ ಇಲ್ಲ, ಟಿಕೆಟ್ ಇಲ್ಲದೆ ಅಂಕವಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ನಮ್ಮ ಗಾದೆ ಇದಕ್ಕೇ ಹುಟ್ಟಿದಂತಿದೆ. ಮೇಲಿನ ಮೂರು ಸಾವಿರ ಮಂದಿ ಪ್ರತಿ ಪಂದ್ಯಕ್ಕೂ ಕೊಂಡು ಪ್ರತಿ ಪಂದ್ಯಕ್ಕೂ ಅಂಕ ಸೇರಿಸಿಕೊಳ್ಳುತ್ತಾರೆ. ಕೆಳಗಿನವರಿಗೂ ಅವರಿಗೂ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಅಂಕ ಎಂದೆಂದಿಗೂ ಉಳಿಯುವ ಪದ್ಧತಿಯಲ್ಲಂತೂ ಇಂದಿನ ಹದಿನೆಂಟರ ಹುಡುಗ ಅವರನ್ನು ಮುಟ್ಟುವುದು ಈ ಜನ್ಮದ ಮಾತಲ್ಲ. ನಮ್ಮ ಪುರಾಣಗಳಲ್ಲಿ ಸ್ವರ್ಗಕ್ಕೆ ಹೋದವರೂ ಪುಣ್ಯ ತೀರಿದ ಮೇಲೆ ಕೆಳಗಿಳಿಯಬೇಕು. ಇಲ್ಲಿ ಅದೂ ಇಲ್ಲ!

ಎರಡನೆಯದು, ಬಿಡುವಿನ ಪ್ರಶ್ನೆ. ಟಿಕೆಟ್ಟಿಗೆ 30 ಪೌಂಡಿನ ಮಿತಿಯಿದೆ, ರೈಲಿಗಿಲ್ಲ, ಪೆಟ್ರೋಲಿಗಿಲ್ಲ, ರಜೆಗಿಲ್ಲ. ನಾವು ಈ ದೇಶಕ್ಕೆ ಬಂದ ಹೊಸತರಲ್ಲಿ ವಾರಾಂತ್ಯದ ಆನ್‌ಕಾಲ್ ಎಂದರೆ ಶುಕ್ರವಾರ ಒಳಗೆ ಹೋದವರು ಸೋಮವಾರ ಹೊರಗೆ ಬರುತ್ತಿದ್ದ ಕಾಲ. ಇಂದು ಗಂಟೆಗಳು ಕಡಿಮೆಯಾಗಿವೆ, ಪಾಳಿ ಹೋಗಿಲ್ಲ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ವಾರ್ಡಿನಲ್ಲಿರುವ ದಾದಿ, ಆಂಬುಲೆನ್ಸ್ ಓಡಿಸುವವನು, ಅಂಗಡಿಯ ಗಲ್ಲೆಯಲ್ಲಿ ಕೂತವಳು, ವಯಸ್ಸಾದ ತಾಯಿಯನ್ನು ಬಿಟ್ಟು ಬರಲಾರದ ಮಗ, ಇವರ ಪ್ರೀತಿ ಕಡಿಮೆಯೆಂದು ಯಾವ ತಕ್ಕಡಿ ಹೇಳೀತು? ಬಂದವರನ್ನು ಎಣಿಸುವ ಲೆಕ್ಕಕ್ಕೆ, ಬರಲಾಗದವರೂ ಬರಲೊಲ್ಲದವರೂ ಒಂದೇ.

ಮೂರನೆಯದು ಸ್ವಾರಸ್ಯದ್ದು. ಊರಿನಲ್ಲಿ ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದ ದಿನಗಳನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಡಬ್ಬವನ್ನೋ ಕಲ್ಲನ್ನೋ ಸಾಲಿನಲ್ಲಿಟ್ಟು ಜನ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಕಲ್ಲು ಅವರ ಪರವಾಗಿ ನಿಂತಿರುತ್ತಿತ್ತು. ಇಲ್ಲಿಯೂ ಅದೇ ನಡೆಯುತ್ತದೆ. ಅಂಕ ಸಿಗುವುದು ಟಿಕೆಟ್ ಕೊಂಡದ್ದಕ್ಕೆ, ಹೋದದ್ದಕ್ಕಲ್ಲ. ಆದ್ದರಿಂದ ಕೆಲವರು ದೂರದ, ಬೇಸರದ ಪಂದ್ಯಕ್ಕೆ ಟಿಕೆಟ್ ಕೊಂಡು ಸ್ನೇಹಿತರಿಗೆ ದಾಟಿಸಿ, ಅಂಕವನ್ನು ಮಾತ್ರ ತಾವಿಟ್ಟುಕೊಂಡು, ದೊಡ್ಡ ಪಂದ್ಯದ ದಿನ ಸಾಲಿನ ಮುಂದೆ ನಿಲ್ಲುತ್ತಾರೆ. ಕೊಟ್ಟವನಿಗೆ ಅಂಕ, ನೆನೆದವನಿಗೆ ನೆಗಡಿ! ಅನಧಿಕೃತವಾಗಿ ಫುಟ್‌ಬಾಲ್ ಟಿಕೆಟ್ ಮಾರುವುದು 1994ರ ಕಾನೂನಿನ ಪ್ರಕಾರ ಇಲ್ಲಿ ಅಪರಾಧ. ಸ್ನೇಹಿತರ ನಡುವಿನ ಈ ವಿನಿಮಯವನ್ನು ಹಿಡಿಯುವುದು ಕಷ್ಟ. ಅದಕ್ಕೇ ಕೆಲವು ಕ್ಲಬ್ಬುಗಳು, ಕೆಲವರ ಟಿಕೆಟ್ಟನ್ನು ಮುಂಚೆ ಕಳಿಸದೆ, ಮೈದಾನದ ಬಳಿಯೇ ಗುರುತಿನ ಚೀಟಿ ನೋಡಿ ಕೊಡುವ ಕ್ರಮ ತಂದಿವೆ.

ನಾಲ್ಕನೆಯದು ನಮ್ಮ ಮನೆಗಳಿಗೆ ಹತ್ತಿರದ ಮಾತು. 1970–80ರ ದಶಕಗಳಲ್ಲಿ ಈ ಮೈದಾನಗಳಲ್ಲಿ ಕಪ್ಪು ಆಟಗಾರರ ಮೇಲೆ ಬಾಳೆಹಣ್ಣು ಎಸೆಯುತ್ತಿದ್ದರು. ಜನಾಂಗದ್ವೇಷವನ್ನು ಫುಟ್‌ಬಾಲಿನಿಂದ ಒದ್ದೋಡಿಸಬೇಕೆಂಬ ಚಳವಳಿ ಆರಂಭವಾದದ್ದೇ 1993ರಲ್ಲಿ. ನಮಗಿಂತ ಮೊದಲು ಬಂದ ಹಿರಿಯರು ಮಕ್ಕಳನ್ನು ಕೈಹಿಡಿದು ಪರಊರಿನ ಮೈದಾನಕ್ಕೆ ಕರೆದೊಯ್ಯುವುದನ್ನು ಕನಸಿನಲ್ಲೂ ಯೋಚಿಸುತ್ತಿರಲಿಲ್ಲ. ಅಪ್ಪನ ಪಕ್ಕದಲ್ಲಿ ನಿಂತು ಐದನೆಯ ವಯಸ್ಸಿಗೇ ಲೆಕ್ಕ ಆರಂಭಿಸಿದವರಿಗೂ ಅಂಥ ಅಪ್ಪ ಇಲ್ಲದವರಿಗೂ ಒಂದೇ ಖಾತೆಪುಸ್ತಕ ಎಂದರೆ ಮೇಲ್ನೋಟಕ್ಕೆ ಸಮಾನತೆ. ಒಳಗೆ ಹಳೆಯ ಕಾಲದ ಬಾಗಿಲುಗಳ ನೆರಳಿದೆ. ಇದಕ್ಕೆ ನಮ್ಮ ನೆರೆಯವರು ಹೊಣೆಯಲ್ಲ. ಆದರೆ ಲೆಕ್ಕ ಬರೆಯುವವರಿಗೆ ಇದು ತಿಳಿದಿರಬೇಕು.

ವಿರಳವಾದದ್ದನ್ನು ಹಂಚುವ ಕಷ್ಟ ನಮ್ಮ ವೃತ್ತಿಗೆ ಹೊಸದಲ್ಲ. ಜೀವದ ಮಾತನ್ನು ಆಟದ ಮಾತಿಗೆ ಹೋಲಿಸಬಾರದು, ನಿಜ. ಆದರೂ ಒಂದು ಉದಾಹರಣೆ ಹೇಳದಿರಲಾರೆವು. ಮೃತ ದಾನಿಗಳ ಮೂತ್ರಪಿಂಡವನ್ನು ಯಾರಿಗೆ ಕೊಡಬೇಕೆಂದು ನಿರ್ಧರಿಸಲೂ ಈ ದೇಶದಲ್ಲಿ ಅಂಕಗಳ ಲೆಕ್ಕವಿದೆ. 2019ರ ಸೆಪ್ಟೆಂಬರಿನಲ್ಲಿ ಆ ನಿಯಮಗಳನ್ನು ತಿದ್ದಿದರು. ಕಾಯುವ ಅವಧಿಯನ್ನು, ರೋಗಿಯ ಹೆಸರು ಪಟ್ಟಿಗೆ ಸೇರುವುದು ತಡವಾಗಿದ್ದರೆ, ಡಯಾಲಿಸಿಸ್ ಆರಂಭವಾದ ದಿನದಿಂದಲೇ ಎಣಿಸತೊಡಗಿದರು. ಕಾಗದಪತ್ರ ನಿಧಾನವಾಯಿತೆಂದು ರೋಗಿ ನಷ್ಟ ಅನುಭವಿಸಬಾರದಲ್ಲ. ಏಳು ವರ್ಷ ಕಾದವರ ಜೊತೆಗೆ, ಹೊಂದಾಣಿಕೆಯ ಅಂಗ ಸಿಗುವುದೇ ದುರ್ಲಭವಾದವರನ್ನೂ ಮೊದಲ ಸಾಲಿನಲ್ಲಿಟ್ಟರು. ಕಾದದ್ದಕ್ಕೆ ಬೆಲೆಯುಂಟು. ಆದರೆ ತನ್ನ ತಪ್ಪಿಲ್ಲದೆ ಹಿಂದುಳಿದವನಿಗೂ ಒಂದು ದಾರಿಯುಂಟು. ಅಲ್ಲದೆ ನಿಯಮಗಳನ್ನು ಆಗಾಗ ತೆರೆದು ನೋಡಿ ತಿದ್ದುತ್ತಾರೆ. ಅಂಕಪದ್ಧತಿ ಇರುವುದು ದೋಷವಲ್ಲ, ಅದನ್ನು ಕಲ್ಲಿನ ಶಾಸನ ಮಾಡಿಕೊಳ್ಳುವುದು ದೋಷ.

ಹಾಗಾದರೆ ಏನು ಮಾಡಬಹುದು? ನಮ್ಮ ಮನೆಯ ಚರ್ಚೆಯಲ್ಲಿ ಮೂಡಿದ್ದು ಇಷ್ಟು. ಹೆಚ್ಚಿನ ಪಾಲು ಟಿಕೆಟ್ಟುಗಳು ಹಳಬರಿಗೇ ಇರಲಿ. ಹತ್ತರಲ್ಲಿ ಎರಡು ಪಾಲನ್ನು ಕಡಿಮೆ ಅಂಕದ ಸೀಸನ್ ಟಿಕೆಟ್‌ದಾರರಿಗೆ ಮೀಸಲಿಟ್ಟು ಚೀಟಿ ಎತ್ತಲಿ. ಅಂಕ ಕೊಂಡದ್ದಕ್ಕಲ್ಲ, ಗೇಟಿನೊಳಗೆ ಕಾಲಿಟ್ಟದ್ದಕ್ಕೆ ಸೇರಲಿ. ಹೋಗಲಾಗದವನು ಟಿಕೆಟ್ಟನ್ನು ಮರ್ಯಾದೆಯಾಗಿ ಕ್ಲಬ್ಬಿಗೇ ಮರಳಿಸಿದರೆ ಅವನಿಗೆ ನಷ್ಟವಾಗದಿರಲಿ. ನಾಲ್ಕೈದು ವರ್ಷ ಕಳೆದ ಅಂಕಗಳು ನಿಧಾನವಾಗಿ ಕರಗಲಿ, ಪಕ್ಕದ ಮನೆಯವರಂಥ ದೀರ್ಘಕಾಲದವರಿಗೆ ಬೇಕಾದರೆ ಪ್ರತ್ಯೇಕ ಗೌರವವಿರಲಿ. ಇದನ್ನು ಅವರ ಮುಂದಿಟ್ಟೆವು. ಎರಡು ಪಾಲಿನ ಮಾತಿಗೆ ಹುಬ್ಬು ಗಂಟಿಕ್ಕಿ, "ಒಂದು ಪಾಲು ಕೊಡಬಹುದು" ಎಂದರು. ಗೇಟಿನಲ್ಲಿ ಎಣಿಸುವ ಮಾತಿಗೆ ಮಾತ್ರ ಮೇಜು ಗುದ್ದಿ ಒಪ್ಪಿದರು. ಟಿಕೆಟ್ ಕೊಂಡು ಮನೆಯಲ್ಲಿ ಕೂರುವವರ ಮೇಲೆ ನಮ್ಮ ಮಗಳಿಗಿಂತ ಅವರಿಗೇ ಹೆಚ್ಚು ಸಿಟ್ಟು!

ಓದುಗರೇ, ಇದು ಫುಟ್‌ಬಾಲಿನವರ ಸಮಸ್ಯೆ, ನಮಗೇನು ಎನ್ನಬೇಡಿ. ನಮ್ಮ ಸಂಘಗಳಲ್ಲೂ ದೀಪಾವಳಿಗೆ ಹಾಲು ಚಿಕ್ಕದಾಗಿ ಬರುವವರು ಹೆಚ್ಚಾದಾಗ ಇದೇ ಪ್ರಶ್ನೆ ಏಳುತ್ತದೆ. ಶಾಲೆಯ ಹಾಲಿನಲ್ಲಿ ಕುರ್ಚಿ ಜೋಡಿಸಿ, ಮನೆಯಿಂದ ಬಿಸಿಬೇಳೆಭಾತ್ ಹೊತ್ತು ತಂದು ಸಂಘ ಕಟ್ಟಿದವರಿಗೆ ಮೊದಲೋ, ಕಳೆದ ತಿಂಗಳು ಬೆಂಗಳೂರಿನಿಂದ ಬಂದಿಳಿದು, ಮೊದಲ ಹಬ್ಬಕ್ಕೆ ನಾಲ್ಕು ಕನ್ನಡ ಮಾತಿಗಾಗಿ ಹಂಬಲಿಸುವ ಕುಟುಂಬಕ್ಕೆ ಮೊದಲೋ? ಹಳಬರಿಲ್ಲದಿದ್ದರೆ ಸಂಘ ಹುಟ್ಟುತ್ತಿರಲಿಲ್ಲ, ಹೊಸಬರಿಲ್ಲದಿದ್ದರೆ ಉಳಿಯುವುದಿಲ್ಲ. ಕ್ಲಬ್ಬುಗಳ ಮಾತೂ ಅಷ್ಟೇ. ಇಂದು ಬಾಗಿಲಲ್ಲಿ ನಿಂತ ಇಪ್ಪತ್ತರ ಹುಡುಗ ಹುಡುಗಿಯರು ಬೇಸತ್ತು ಮನೆಯಲ್ಲೇ ಟಿ.ವಿ. ನೋಡುವುದನ್ನು ಅಭ್ಯಾಸ ಮಾಡಿಕೊಂಡರೆ, ಮುಂದೆ ಆ ಮೂರು ಸಾವಿರ ಸೀಟುಗಳಲ್ಲಿ ಹಾಡುವವರು ಯಾರು?

ಈಗ ಪ್ರೀಮಿಯರ್ ಲೀಗಿನ ಪ್ರತಿ ಕ್ಲಬ್ಬಿನಲ್ಲೂ ಅಭಿಮಾನಿಗಳ ಸಲಹಾ ಮಂಡಳಿ ಇದೆ. 2025ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕಾರವಾದ ಫುಟ್‌ಬಾಲ್ ಆಡಳಿತದ ಕಾನೂನು ಸ್ವತಂತ್ರ ನಿಯಂತ್ರಕ ಸಂಸ್ಥೆಯನ್ನು ಸ್ಥಾಪಿಸಿ, ಕ್ಲಬ್ಬುಗಳು ಅಭಿಮಾನಿಗಳ ಅಭಿಪ್ರಾಯ ಕೇಳಬೇಕೆಂದು ವಿಧಿಸಿದೆ. ನಮ್ಮ ಮಗಳು ತನ್ನ ಕ್ಲಬ್ಬಿನ ಮಂಡಳಿಗೆ ಎರಡು ಪುಟದ ಪತ್ರ ಬರೆದಿದ್ದಾಳೆ. ಕೆಳಗೆ ಅವಳ ಸಹಿಯ ಪಕ್ಕದಲ್ಲಿ ನೆರೆಮನೆಯ ಹಿರಿಯರ ಸಹಿಯೂ ಇದೆ, 'ಒಂದು ಪಾಲು' ಎಂಬ ಅವರ ತಿದ್ದುಪಡಿಯೊಂದಿಗೆ. ನಿಮ್ಮ ಮನೆಯ ಮಕ್ಕಳೂ ತಮ್ಮ ತಮ್ಮ ಕ್ಲಬ್ಬುಗಳಿಗೆ ಬರೆಯಲಿ. ತಂಡ ಯಾವುದಾದರೂ ಆಗಲಿ, ಈ ಒಂದು ವಿಷಯದಲ್ಲಿ ನಾವೆಲ್ಲ ಒಂದೇ ಪಕ್ಷ.