ಬಾಗಿದಾಗ ಉರಿಯುತ್ತಿದ್ದ ಎದೆ



ಬಲಿಪೀಠದ ಮುಂದೆ ತಲೆಬಾಗಿದಾಗಲೆಲ್ಲ ಗಂಟಲಿಗೆ ಹುಳಿನೀರು ಏರಿಬರುವ ಗುರುವೊಬ್ಬನ ಪಾಡನ್ನು ನೀವು ಊಹಿಸಬಲ್ಲಿರಾ? ಹನ್ನೊಂದು ವರ್ಷ ನಾನು ಆ ಸ್ಥಿತಿಯಲ್ಲೇ ಬಲಿಪೂಜೆ ಅರ್ಪಿಸಿದೆ. ಶುಭಶುಕ್ರವಾರದಂದು ಪೀಠದೆದುರು ಬೋರಲಾಗಿ ಮಲಗುವ ಗಳಿಗೆಯಂತೂ ನನ್ನ ಪಾಲಿಗೆ ಧ್ಯಾನದ್ದಾಗಿರದೆ ಭಯದ್ದಾಗಿತ್ತು. ಪ್ರಬೋಧನೆಯ ನಡುವೆ ಧ್ವನಿ ಒಡೆಯುತ್ತಿತ್ತು. ಜನರು ಅದನ್ನು ಭಾವಾವೇಶವೆಂದು ಬಗೆದರು. ನಾನೂ ತಿದ್ದಲು ಹೋಗಲಿಲ್ಲ.

ತಪ್ಪು ನನ್ನದೇ. ಕಲಬುರಗಿಯ ಬಿಸಿಲು, ಖಾರ, ಹೊತ್ತು ಮೀರಿದ ರಾತ್ರಿಯೂಟ ಇವುಗಳ ಮೇಲೆ ದೋಷ ಹೊರಿಸಿ, ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯಿಂದ ಪ್ಯಾಂಟೊಪ್ರಜೋಲ್ ಮಾತ್ರೆಗಳನ್ನು ಶೇಂಗಾ ಕೊಂಡಂತೆ ಕೊಂಡು ತಿನ್ನುತ್ತಿದ್ದೆ. ಸಂತ ಪೌಲರು ತಿಮೊಥೇಯನಿಗೆ ಅವನ ಹೊಟ್ಟೆಯ ಸಲುವಾಗಿ ತುಸು ದ್ರಾಕ್ಷಾರಸ ಕುಡಿಯಲು ಬರೆದಿದ್ದಾರಷ್ಟೇ. ನನ್ನ ಹೊಟ್ಟೆಗೆ ಪೂಜೆಯ ದ್ರಾಕ್ಷಾರಸದ ಒಂದು ಗುಟುಕೂ ಒಗ್ಗುತ್ತಿರಲಿಲ್ಲ.

ತೊಗರಿ ರಾಶಿಯ ದಿನಗಳಲ್ಲಿ ಒಮ್ಮೆ ಕಮಲಾಪುರಕ್ಕೆ ಮನೆಭೇಟಿಗೆ ಹೋಗಿದ್ದೆ. ಹಿರಿಯ ತಾಯಿಯೊಬ್ಬರು ಬಿಸಿ ಜೋಳದ ರೊಟ್ಟಿ, ಕೆಂಪು ಖಾರದ ಚಟ್ನಿ, ಎಣ್ಣೆಗಾಯಿ ಬಡಿಸಿದರು. ನಾನು ಕೈಮುಗಿದು ಬೇಡವೆಂದೆ. ಅವರ ಮುಖ ಬಾಡಿತು. "ನಮ್ಮ ಮನ್ಯಾಗಿನ ರೊಟ್ಟಿ ನಿಮಗ ಸೇರಂಗಿಲ್ಲೇನ್ರಿ ಫಾದರ್?" ಎಂದರು. ಹಿಂದೆ ಊರವರು ತಮ್ಮ ಮನೆಯ ನೀರನ್ನೂ ಮುಟ್ಟದೆ ಹೋದುದನ್ನು ಕಂಡಿದ್ದ ತಲೆಮಾರಿನವರು ಅವರು. ಆ ಪ್ರಶ್ನೆಯ ಹಿಂದಿನ ನೋವು ಅರಿವಾದ ಮೇಲೆ ಎಂಥ ಕಾರಣ ತಾನೇ ನಿಂತೀತು? ಕುಳಿತು ಉಂಡೆ.

ಅಂದು ನಡುರಾತ್ರಿ ಉಸಿರು ಕಟ್ಟಿ ಎಚ್ಚರವಾಯಿತು. ಎದೆ ಹಿಂಡುತ್ತಿತ್ತು. ಹೃದಯಾಘಾತವೆಂದೇ ಬಗೆದು ಜೊತೆಗಾರ ಗುರುಗಳು ನನ್ನನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದರು. ಹೃದಯ ಸುಸ್ಥಿತಿಯಲ್ಲಿತ್ತು. ಎಂಡೋಸ್ಕೋಪಿಯಲ್ಲಿ ಕಂಡದ್ದು ಹಯಾಟಸ್ ಹರ್ನಿಯಾ.

ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯೆಂಬ ಸ್ನಾಯುಪರದೆಯಲ್ಲಿ ಅನ್ನನಾಳ ಹಾದುಹೋಗಲು ಒಂದು ಕಿಂಡಿಯಿದೆ. ಅದು ಸಡಿಲಗೊಂಡರೆ ಜಠರದ ಮೇಲ್ಭಾಗ ಎದೆಗೆ ನುಸುಳುತ್ತದೆ, ಆಮ್ಲ ತಡೆಯಿಲ್ಲದೆ ಮೇಲೇರುತ್ತದೆ. ಮಾತ್ರೆ ಆಮ್ಲವನ್ನು ತಗ್ಗಿಸೀತು, ಕಿಂಡಿಯನ್ನು ಮುಚ್ಚಲಾರದು. ವರ್ಷಗಟ್ಟಲೆ ಆಮ್ಲ ಸೋಂಕಿದ ಅನ್ನನಾಳದ ಒಳಪದರ ಕೆಲವರಲ್ಲಿ ಬದಲಾಗಿ, ಮುಂದೆ ಕ್ಯಾನ್ಸರಿಗೂ ಎಡೆಮಾಡಬಹುದೆಂದು ವೈದ್ಯರು ಚೂರು ಅಂಗಾಂಶ ತೆಗೆದು ಪರೀಕ್ಷೆಗೆ ಕಳುಹಿಸಿದರು. ವರದಿ ಬರುವವರೆಗಿನ ದಿನಗಳಲ್ಲಿ ನಾನು ಮಾಡಿದ ಪ್ರಾರ್ಥನೆಗಳಲ್ಲಿ ಹೆಚ್ಚಿನವು ಚೌಕಾಸಿಯೇ ಆಗಿದ್ದವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ವರದಿಯಲ್ಲಿ ಕೇಡೇನೂ ಇರಲಿಲ್ಲ.

ಈ ತೊಂದರೆಯುಳ್ಳ ಬಹುತೇಕರಿಗೆ ಮಾತ್ರೆ, ಪಥ್ಯ, ತೂಕದ ನಿಯಂತ್ರಣವೇ ಸಾಕಾಗುತ್ತದೆ. ನನಗೆ ಸಾಲಲಿಲ್ಲ. ಅನ್ನನಾಳಕ್ಕೆ ನುಂಗುವ ಬಲ ಇದೆಯೇ ಎಂದು ಒತ್ತಡ ಅಳೆದು ನೋಡಿದ ಬಳಿಕ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಅದರ ಮೂಲ ಸ್ವಾರಸ್ಯಕರವಾಗಿದೆ. ನಾಜಿಗಳ ಕಾಟಕ್ಕೆ 1933ರಲ್ಲಿ ಜರ್ಮನಿ ತೊರೆದ ಯೆಹೂದ್ಯ ವೈದ್ಯ ರುಡಾಲ್ಫ್ ನಿಸ್ಸೆನ್, 1936ರಲ್ಲಿ ಇಸ್ತಾನ್‌ಬುಲ್‌ನಲ್ಲಿ ರೋಗಿಯೊಬ್ಬನ ಅನ್ನನಾಳದ ಕೆಳತುದಿಯ ಹುಣ್ಣನ್ನು ಕತ್ತರಿಸಿ ತೆಗೆದು, ಹೊಲಿಗೆಯ ರಕ್ಷಣೆಗೆಂದು ಜಠರವನ್ನೇ ಅದರ ಸುತ್ತ ಸುತ್ತಿದರು. ಆ ರೋಗಿಗೆ ವರ್ಷಗಳ ನಂತರವೂ ಎದೆಯುರಿ ಇರಲಿಲ್ಲವೆಂದು ತಿಳಿದಾಗ, 1955ರಲ್ಲಿ ಎದೆಯುರಿಗೇ ಆ ಕ್ರಮವನ್ನು ಬಳಸಿದರು. 1991ರಲ್ಲಿ ಬೆಲ್ಜಿಯಂನ ವೈದ್ಯ ಡಾಲ್ಮಾನ್ಯೆ ಅದನ್ನು ಲ್ಯಾಪರೋಸ್ಕೋಪಿಯಿಂದ ಮಾಡಿದ ವರದಿ ಪ್ರಕಟಿಸಿದರು. ನನ್ನ ಹೊಟ್ಟೆಯಲ್ಲಿಯೂ ಐದು ಸಣ್ಣ ರಂಧ್ರ ಕೊರೆದು, ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸಿ, ಜಾರಿದ ಜಠರವನ್ನು ಕೆಳಗೆಳೆದು, ಕಿಂಡಿಗೆ ಹೊಲಿಗೆ ಹಾಕಿ, ಜಠರದ ಮೇಲ್ಭಾಗವನ್ನು ಅನ್ನನಾಳಕ್ಕೆ ಶಾಲಿನಂತೆ ಹೊದಿಸಿದರು. ಎಚ್ಚರವಾದಾಗ ಹೊಟ್ಟೆಗಿಂತ ಭುಜ ಹೆಚ್ಚು ನೋಯುತ್ತಿತ್ತು. ಒಳಗುಳಿದ ಅನಿಲದ ಕಿತಾಪತಿಯಂತೆ.

ಮೊದಲ ವಾರ ಗಂಜಿತಿಳಿ, ಸಾರಿನ ನೀರು. ಎರಡನೆಯ ವಾರ ಕಮಲಾಪುರದಿಂದ ಅಲ್ಲಿನ ಹೆಸರಾಂತ ಕೆಂಪು ಬಾಳೆಹಣ್ಣು ಬಂತು. ಕಿವುಚಿ ಚಮಚದಲ್ಲಿ ತಿಂದೆ. ಬಲಿಪೂಜೆಯಲ್ಲಿ ಒಣ ರೊಟ್ಟಿ ಗಂಟಲಲ್ಲೇ ನಿಂತೀತೆಂದು ಸಣ್ಣ ಚೂರು ಮುರಿದು ದ್ರಾಕ್ಷಾರಸದಲ್ಲಿ ಅದ್ದಿ ಸ್ವೀಕರಿಸಿದೆ. ಉರಿಯಲಿಲ್ಲ. ಪೀಠದ ಮುಂದೆ ಆಳವಾಗಿ ಬಾಗಿ, ಬೇಕೆಂದೇ ಒಂದಿಷ್ಟು ಹೊತ್ತು ಹಾಗೆಯೇ ಇದ್ದೆ.

ಎರಡು ತಿಂಗಳ ಬಳಿಕ ಆ ತಾಯಿಯ ಮನೆಗೆ ಮತ್ತೆ ಹೋದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಟ್ಟರು. ಅರ್ಧ ರೊಟ್ಟಿಗೆ ಅರ್ಧ ತಾಸು ಹಿಡಿಯಿತು. ನಮ್ಮ ಸೀಮೆಯಲ್ಲಿ ಉಂಡವನ ತೇಗೇ ಮನೆಯೊಡತಿಗೆ ಬಿರುದು. ಈ ಚಿಕಿತ್ಸೆಯ ನಂತರವೋ ತೇಗುವುದು ಕಷ್ಟ. ಅವರು ಕಾದು ಕಾದು, "ಹೊಟ್ಟಿ ತುಂಬ್ಲಿಲ್ಲೇನ್ರಿ ಫಾದರ್?" ಎಂದರು. ವಪೆ, ಕಿಂಡಿ, ಹೊಲಿಗೆ ಎಲ್ಲವನ್ನೂ ವಿವರಿಸಿದೆ. ಅವರು ನಂಬಿದಂತೆ ಕಾಣಲಿಲ್ಲ. ಹೊರಡುವಾಗ ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕೈಗಿಟ್ಟರು.