ಕಾಲು ಮೈಲಿಯ ನಾಡಿನಲ್ಲಿ

ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ, ಲಾಸ್ ಏಂಜಲೀಸ್ ಮಹಾನಗರದಿಂದ ಮೂಡಲಿಗೆ ಸುಮಾರು ೩೦ ಮೈಲಿ ದೂರದಲ್ಲಿ, ಪೊಮೋನ ಎಂಬ ಊರಿದೆ. ಪೊಮೋನ ಎಂಬುದು ರೋಮನರ ಫಲದೇವತೆಯ ಹೆಸರು. ಊರಿನ ಸುತ್ತಲೂ ಕಿತ್ತಳೆಯ ತೋಟಗಳು ಹಬ್ಬಿದ್ದ ಕಾಲದಲ್ಲಿ ಆ ಹೆಸರು ಅನ್ವರ್ಥವಾಗಿಯೇ ಇದ್ದಿತು. ಈಗ ತೋಟಗಳಿದ್ದೆಡೆಯಲ್ಲಿ ಮನೆಗಳ ಸಾಲುಗಳು ನಿಂತಿವೆ. ಆದರೆ ಬಡಗಣ ದಿಕ್ಕಿನ ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಚೆಲುವು ಕುಂದಿಲ್ಲ. ಅವುಗಳಲ್ಲಿ ಹತ್ತು ಸಾವಿರ ಅಡಿಗಳನ್ನು ಮೀರಿದ ಒಂದು ಶಿಖರವನ್ನು ಜನರು ಬಾಲ್ಡಿ, ಎಂದರೆ ಬೋಳು ಬೆಟ್ಟ, ಎಂದು ಕರೆಯುತ್ತಾರೆ. ನಾವು ಹೋದುದು ಫೆಬ್ರವರಿಯ ಆರಂಭದಲ್ಲಾದುದರಿಂದ ಆ ಬೋಳುತಲೆಯ ಮೇಲೆ ಹಿಮದ ಮುಂಡಾಸು ಇದ್ದಿತು.

ಈ ಊರಿನಲ್ಲಿ ೧೯೨೨ರಲ್ಲಿ ಆರಂಭವಾದ ದೊಡ್ಡದೊಂದು ಜಾತ್ರೆಯ ಬಯಲುಂಟು. ಆ ಬಯಲಿನ ಒಂದು ಅಂಚಿನಲ್ಲಿ, ದಾರದಿಂದ ಗೆರೆ ಹೊಡೆದಂತೆ ನೇರವಾದ ಒಂದು ರಸ್ತೆಯಿದೆ. ಅದು ಯಾವ ಊರಿಗೂ ಹೋಗುವುದಿಲ್ಲ. ಎರಡು ಮೋಟಾರುಗಳು ಪಕ್ಕಪಕ್ಕದಲ್ಲಿ ನಿಂತು, ದೀಪದ ಸನ್ನೆಯಾದೊಡನೆ ಹೊರಟು, ಕಾಲು ಮೈಲಿ, ಎಂದರೆ ೧೩೨೦ ಅಡಿ, ಓಡಿ ಮುಗಿಸುವುದಕ್ಕಾಗಿಯೇ ಅದನ್ನು ಕಟ್ಟಿದ್ದಾರೆ. ಇದಕ್ಕೆ ಡ್ರ್ಯಾಗ್ ಓಟವೆಂದು ಹೆಸರು. ಇದರಲ್ಲಿ ತಿರುವಿಲ್ಲ, ಏರಿಳಿತವಿಲ್ಲ. ನಿಂತ ಗಾಡಿ ಎಷ್ಟು ಬೇಗ ಕೊನೆಯನ್ನು ಮುಟ್ಟುವುದೆಂಬುದೊಂದೇ ಪ್ರಶ್ನೆ.

ಎರಡನೆಯ ಮಹಾಯುದ್ಧಕ್ಕೆ ಮೊದಲು ಇಲ್ಲಿನ ತರುಣರು ಮರುಭೂಮಿಯ ಒಣಗಿದ ಕೆರೆಯಂಗಳಗಳಲ್ಲಿ ಗಾಡಿಗಳನ್ನು ಓಡಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಊರಿನ ಬೀದಿಗಳಲ್ಲಿಯೇ ಪಂದ್ಯ ಕಟ್ಟುವ ಚಟ ಹೆಚ್ಚಿತು, ಅಪಘಾತಗಳೂ ಹೆಚ್ಚಿದುವು. ೧೯೫೦ರಲ್ಲಿ ಸಾಂಟಾ ಆನ ಎಂಬಲ್ಲಿ ವಿಮಾನದ ಓಡುದಾರಿಯೊಂದರಲ್ಲಿ ಹಣ ತೆತ್ತು ಓಡಬಹುದಾದ ಅಂಕಣವನ್ನು ಏರ್ಪಡಿಸಿದರು. ೧೯೫೧ರಲ್ಲಿ ವಾಲಿ ಪಾರ್ಕ್ಸ್ ಎಂಬವರು ಈ ಓಟಗಾರರಿಗಾಗಿ ರಾಷ್ಟ್ರೀಯ ಸಂಘವೊಂದನ್ನು ಸ್ಥಾಪಿಸಿದರು. ಆ ಸಂಘದ ಮೊದಲ ಓಟ ನಡೆದುದು ೧೯೫೩ರ ಏಪ್ರಿಲಿನಲ್ಲಿ, ಇದೇ ಪೊಮೋನದ ಜಾತ್ರೆಯ ಬಯಲಿನಲ್ಲಿ. ಹುಡುಗರು ಬೀದಿಯಲ್ಲಿ ಓಡಿ ಸಾಯುವುದಕ್ಕಿಂತ ಕಟ್ಟುಪಾಡಿನೊಳಗೆ ಓಡಲಿ ಎಂಬ ವಿವೇಕದಿಂದ ಪೊಲೀಸಿನವರೂ ಕೈಗೂಡಿಸಿದರಂತೆ. ೧೯೬೧ರಲ್ಲಿ ಚಳಿಗಾಲದ ದೊಡ್ಡ ಓಟವು ಇಲ್ಲಿ ಮೊದಲಾಯಿತು. ೧೯೯೮ರಲ್ಲಿ ಬಯಲಿನ ಬಳಿಯೇ ಪಾರ್ಕ್ಸರ ಹೆಸರಿನ ವಸ್ತುಸಂಗ್ರಹಾಲಯವೂ ತೆರೆಯಿತು.

ಆ ಸಂಗ್ರಹಾಲಯದಲ್ಲಿ ನಾವು ಒಂದು ಮಧ್ಯಾಹ್ನವನ್ನು ಕಳೆದೆವು. ಬಣ್ಣಬಣ್ಣದ ಗಾಡಿಗಳ ಮೂತಿಗಳನ್ನು ನೋಡಿ ದಣಿದ ಮೇಲೆ, ಜೊತೆಗೆ ಬಂದಿದ್ದ ವೃದ್ಧರೊಬ್ಬರ ಮಾತಿನಂತೆ, ಬಗ್ಗಿ ಅವುಗಳ ಹಿಂಭಾಗವನ್ನು ನೋಡಿದೆವು. ಒಂದು ಚಕ್ರದಿಂದ ಇನ್ನೊಂದು ಚಕ್ರದವರೆಗೆ ಹಾದ ದಪ್ಪನೆಯ ಉಕ್ಕಿನ ಕೊಳವೆಯೊಂದು ಒಂದಾದ ಮೇಲೊಂದು ಗಾಡಿಯಲ್ಲಿ ಕಾಣಿಸಿತು. ಇದೇ ಇಡಿಯಚ್ಚು.

ವಾಚಕರು ಎತ್ತಿನ ಗಾಡಿಯ ಅಚ್ಚನ್ನು ನೋಡಿಯೇ ಇರುವರು. ಅದು ಅಲುಗದೆ ನಿಲ್ಲುತ್ತದೆ. ಚಕ್ರಗಳು ಅದರ ತುದಿಗಳಲ್ಲಿ ಸುತ್ತುತ್ತವೆ. ಮೋಟಾರಿನ ಇಡಿಯಚ್ಚಿನಲ್ಲಿ ಹೊರಗಿನ ಕೊಳವೆ ನಿಂತಿರುತ್ತದೆ. ಒಳಗೆ ಎರಡು ಉಕ್ಕಿನ ದಂಡಗಳು ಸುತ್ತಿ ಚಕ್ರಗಳನ್ನು ತಿರುಗಿಸುತ್ತವೆ. ನಡುವಿನ ಗುಂಡನೆಯ ಗೂಡಿನಲ್ಲಿ ಹಲ್ಲುಗಾಲಿಗಳಿದ್ದು, ಎಂಜಿನ್ನಿನಿಂದ ಬಂದ ಶಕ್ತಿಯನ್ನು ಎರಡು ಕಡೆಗೂ ಹಂಚುತ್ತವೆ. ಇಲ್ಲಿ ಎರಡು ಚಕ್ರಗಳೂ ಒಂದೇ ಕಟ್ಟಿಗೆ ಸೇರಿದುವು. ಎಡದ ಚಕ್ರ ಹಳ್ಳಕ್ಕಿಳಿದರೆ ಬಲದ ಚಕ್ರವೂ ವಾಲುತ್ತದೆ. ಒಳಗೆ ಕುಳಿತವರ ಬೆನ್ನಿಗೂ ಅದು ತಿಳಿಯುತ್ತದೆ. ಈ ತೊಂದರೆಯನ್ನು ನೀಗಲು ಹೊಸ ಗಾಡಿಗಳಲ್ಲಿ ಪ್ರತಿ ಚಕ್ರವನ್ನೂ ಬೇರೆ ಬೇರೆಯಾಗಿ ತೂಗಿಬಿಡುತ್ತಾರೆ. ಹಲ್ಲುಗಾಲಿಯ ಗೂಡನ್ನು ಗಾಡಿಯ ಮೈಗೆ ರಬ್ಬರಿನ ಮೆತ್ತೆಗಳ ಮೇಲೆ ಬಿಗಿದು, ಅಲ್ಲಿಂದ ಎರಡು ಕಿರುದಂಡಗಳನ್ನು ಬಾಗುವ ಕೀಲುಗಳ ಮೂಲಕ ಚಕ್ರಗಳಿಗೆ ಒಯ್ಯುತ್ತಾರೆ. ತಿರುವಿನ ದಾರಿಗೂ ಉಬ್ಬುತಗ್ಗಿನ ದಾರಿಗೂ ಈ ಸ್ವತಂತ್ರ ಚಕ್ರಗಳ ಕ್ರಮವೇ ಮೇಲು.

ಆದರೆ ಕಾಲು ಮೈಲಿಯ ಓಟಕ್ಕೆ? ನಿಂತ ಗಾಡಿಯ ಮೇಲೆ ಎಂಜಿನ್ನಿನ ಬಲವೆಲ್ಲ ಒಮ್ಮೆಗೇ ಬಿದ್ದಾಗ ಭಾರ ಹಿಂದಕ್ಕೆ ಸರಿದು ಗಾಡಿಯ ಹಿಂಭಾಗ ಕುಸಿಯುತ್ತದೆ. ಸ್ವತಂತ್ರ ಚಕ್ರಗಳು ಆಗ ಓರೆಯಾಗಿ, ಟೈರಿನ ಅಗಲವೆಲ್ಲ ನೆಲವನ್ನು ಮುಟ್ಟದೆ ಹೋಗಬಹುದು. ರಬ್ಬರಿನ ಮೆತ್ತೆಗಳು ತಿರುಚಿಕೊಂಡು, ಸಡಿಲಿ, ಮತ್ತೆ ತಿರುಚಿಕೊಳ್ಳುತ್ತವೆ. ಚಕ್ರಗಳು ನೆಲದ ಮೇಲೆ ಕುಪ್ಪಳಿಸುತ್ತವೆ. ಆ ಒಂದೊಂದು ಕುಪ್ಪಳಿಕೆಯೂ ಕಿರುದಂಡಕ್ಕೆ ಬಿದ್ದ ಸುತ್ತಿಗೆಯ ಪೆಟ್ಟು. ಇಡಿಯಚ್ಚಿನಲ್ಲಾದರೋ ಚಕ್ರಗಳು ನೆಟ್ಟಗೆ ನಿಲ್ಲುತ್ತವೆ; ಮುರಿಯಬಲ್ಲ ಕೀಲುಗಳೂ ಕಡಿಮೆ. ಕಾರ್ಖಾನೆಯವರೂ ಇದನ್ನು ಬಲ್ಲರು. ಷೆವ್ರೊಲೆ ಕಂಪೆನಿಯ ಕಮಾರೊ ಗಾಡಿ ೨೦೧೦ರಲ್ಲಿ ಸ್ವತಂತ್ರ ಚಕ್ರಗಳೊಡನೆ ಬಂದಿತು. ಆದರೆ ೨೦೧೨ರಲ್ಲಿ ಓಟಕ್ಕೆಂದೇ ತಯಾರಿಸಿದ ಕೋಪೋ ಕಮಾರೊ ಎಂಬುದಕ್ಕೆ ಇಡಿಯಚ್ಚನ್ನು ಹಾಕಿದರು. ಫೋರ್ಡ್ ಕಂಪೆನಿಯವರು ೨೦೧೫ರ ಮಸ್ಟಾಂಗಿಗೆ ಸ್ವತಂತ್ರ ಚಕ್ರಗಳನ್ನು ಕೊಟ್ಟು, ೨೦೧೬ರ ಓಟದ ಕೋಬ್ರಾ ಜೆಟ್ಟಿಗೆ ಇಡಿಯಚ್ಚನ್ನೇ ಉಳಿಸಿಕೊಂಡರು.

ಸಂಗ್ರಹಾಲಯಕ್ಕೆ ನಮ್ಮನ್ನು ಕರೆದೊಯ್ದ ಆ ವೃದ್ಧರು ನಾವು ತಂಗಿದ್ದ ಮನೆಯ ನೆರೆಯವರು. ಮೋಟಾರು ರಿಪೇರಿಯ ಕಸಬಿನಲ್ಲಿ ಆಯುಷ್ಯ ಸವೆಸಿದವರು. ಅವರ ಮಗಳು ಶಾಲೆಯ ಉಪಾಧ್ಯಾಯಿನಿ. ವಾರವೆಲ್ಲ ಪಾಠ ಹೇಳಿ, ರಜೆಯ ದಿನ ಅದೇ ಗಾಡಿಯನ್ನು ಓಟಕ್ಕೆ ಒಯ್ಯುವಳು. ಹಿಂದಿನ ವರ್ಷ ಓಟ ಹೊರಡುವಾಗಲೇ ಆಕೆಯ ಗಾಡಿಯ ಕಿರುದಂಡವೊಂದು ಮುರಿದು, ಅದರ ತುಂಡು ಬೀಸಿ ಬಡಿದು ಬ್ರೇಕಿನ ನಳಿಗೆಯನ್ನು ಹರಿದಿತ್ತು. ಗಾಡಿ ಆಗಿನ್ನೂ ವೇಗವೇರಿರಲಿಲ್ಲವಾದುದರಿಂದ ಆಕೆಗೆ ಏನೂ ಆಗಲಿಲ್ಲ. ಅದೇ ತುಂಡು ಓಟದ ಕೊನೆಯಲ್ಲಿ, ಗಂಟೆಗೆ ೧೧೫ ಮೈಲಿಯ ವೇಗದಲ್ಲಿ, ಹರಿದಿದ್ದರೆ ಏನಾಗುತ್ತಿತ್ತೆಂಬುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ತಾಯಿ ಮಾತ್ರ ಖಂಡಿತವಾಗಿ ಹೇಳಿದ್ದರು: “ಗಾಡಿಯನ್ನು ಮಾರಲಿ, ಇಲ್ಲವೆ ಮುರಿಯದ ಅಚ್ಚನ್ನು ಹಾಕಿಕೊಡಿ.” ಅದಕ್ಕೆ ತಂದೆ ಕೊಟ್ಟ ಉತ್ತರ ನಮ್ಮ ಮನಸ್ಸಿನಲ್ಲಿ ನಿಂತಿದೆ. “ಮುರಿಯದ ಅಚ್ಚು ಲೋಕದಲ್ಲಿಲ್ಲ. ಮುರಿದರೂ ಚಕ್ರವನ್ನು ಬಿಡದ ಅಚ್ಚನ್ನು ಹಾಕಬಲ್ಲೆ.”

ಅವರು ಆರಿಸಿಕೊಂಡುದು ಫೋರ್ಡ್ ಕಂಪೆನಿಯವರು ೧೯೫೭ರಿಂದ ೧೯೮೬ರವರೆಗೆ ತಮ್ಮ ಗಾಡಿಗಳಿಗೆ ಹಾಕುತ್ತಿದ್ದ ‘ಒಂಬತ್ತು ಅಂಗುಲದ’ ಅಚ್ಚನ್ನು. ಒಳಗಿನ ದೊಡ್ಡ ಹಲ್ಲುಗಾಲಿಯ ಅಡ್ಡಳತೆಯಿಂದ ಬಂದ ಹೆಸರದು. ಇಂದಿಗೂ ಓಟಗಾರರು ಬೇರೆ ಬೇರೆ ಕಂಪೆನಿಗಳ ಗಾಡಿಗಳಿಗೂ ಇದನ್ನೇ ಹುಡುಕಿ ಹಾಕುವರು. ಕೆಲವು ಅಚ್ಚುಗಳಲ್ಲಿ ದಂಡವನ್ನು ಒಳತುದಿಯಲ್ಲಿ ಒಂದು ಸಣ್ಣ ಕೊಂಡಿ ಹಿಡಿದಿರುತ್ತದೆ. ದಂಡ ಮುರಿದರೆ ಚಕ್ರವೇ ಕಳಚಿಹೋಗಬಹುದು. ಒಂಬತ್ತು ಅಂಗುಲದ ಅಚ್ಚಿನಲ್ಲಿ ಚಕ್ರದ ಬಳಿಯ ಬೇರಿಂಗನ್ನು ಹೊರಗಿನ ತಗಡೊಂದು ಕೊಳವೆಗೆ ಬಿಗಿದು ಹಿಡಿಯುತ್ತದೆ. ಒಳಗೆ ದಂಡ ಮುರಿದರೂ ಚಕ್ರ ಸ್ಥಳದಲ್ಲಿಯೇ ಉಳಿಯುತ್ತದೆ. ತಾಯಿಗೆ ಕೊಟ್ಟ ಮಾತು ಈ ತಗಡಿನ ಮೇಲೆ ನಿಂತಿತ್ತು.

ಕೆಲಸವನ್ನು ನಾವು ಹತ್ತು ದಿನ ನೋಡಿದೆವು. ಹಳೆಯ ಗಾಡಿಗಳ ಗುಜರಿಯಿಂದ ತಂದ ಕೊಳವೆ ಈ ಗಾಡಿಗಿಂತ ಅಗಲವಾಗಿತ್ತು. ಎರಡು ತುದಿಗಳನ್ನೂ ಕತ್ತರಿಸಿ, ಒಳಗೆ ನೇರವಾದ ಸಲಾಕೆಯೊಂದನ್ನು ತೂರಿಸಿ, ಅದರ ಆಧಾರದಿಂದ ತುದಿಗಳನ್ನು ಮತ್ತೆ ಬೆಸೆದರು. ಒಂದೇ ಕಡೆ ಬೆಸೆದರೆ ಕಾವಿನಿಂದ ಕೊಳವೆ ಬಾಗುವುದಾದುದರಿಂದ, ಈ ಮಗ್ಗುಲಲ್ಲಿ ಒಂದಂಗುಲ, ಆ ಮಗ್ಗುಲಲ್ಲಿ ಒಂದಂಗುಲ, ನಡುವೆ ತಣಿಯಲು ಬಿಡುವು, ಹೀಗೆ ಸಾಗಿತು. ೩೫ ಗೀರುಹಲ್ಲುಗಳ ಹೊಸ ದಂಡಗಳು ಬಂದುವು. ಹಲ್ಲುಗಾಲಿಗಳು ೩೭ಕ್ಕೆ ೯ರ ಪ್ರಮಾಣದವು. ಎಂದರೆ ಎಂಜಿನ್ನಿನಿಂದ ಬಂದ ದಂಡ ನಾಲ್ಕು ಸುತ್ತಿಗಿಂತ ತುಸು ಹೆಚ್ಚು ಸುತ್ತಿದರೆ ಚಕ್ರ ಒಂದು ಸುತ್ತು ಸುತ್ತುವುದು. ಈ ಎರಡು ಗಾಲಿಗಳ ಹಲ್ಲುಗಳ ನಡುವೆ ಇರಬೇಕಾದ ಸಡಿಲು ಒಂದು ಅಂಗುಲದ ಸಾವಿರ ಭಾಗಗಳಲ್ಲಿ ಸುಮಾರು ೮ರಿಂದ ೧೨ ಭಾಗ. ಹೆಚ್ಚಾದರೆ ಹಲ್ಲು ಹಲ್ಲನ್ನು ಬಡಿಯುತ್ತದೆ. ಕಡಿಮೆಯಾದರೆ ಕಾದು ಸವೆಯುತ್ತದೆ. ಹಲ್ಲುಗಳಿಗೆ ಹಳದಿ ಬಣ್ಣ ಬಳಿದು, ತಿರುಗಿಸಿ, ಬಣ್ಣ ಒರೆಸಿಹೋದ ಗುರುತು ಹಲ್ಲಿನ ನಡುವೆ ಬೀಳುವವರೆಗೆ ಮತ್ತೆ ಮತ್ತೆ ಬಿಚ್ಚಿ ಜೋಡಿಸಿದರು. ಮಗಳು ಅಳತೆ ಓದುವಳು, ತಂದೆ ತಿರುಪು ಬಿಗಿಯುವರು.

ಗಾಡಿಯ ಅಡಿಯಿಂದ ಹಳೆಯ ಗೂಡು, ಕಿರುದಂಡಗಳು, ತೂಗುಗೈಗಳು ಎಲ್ಲವನ್ನೂ ಇಳಿಸಿ, ಹೊಸ ಅಚ್ಚನ್ನು ಮೇಲೆರಡು ಕೆಳಗೆರಡು ಉಕ್ಕಿನ ತೋಳುಗಳಿಂದ ಹಿಡಿದುಕಟ್ಟಿದರು. ಇಡಿಯಚ್ಚಿಗೂ ತನ್ನದೊಂದು ದೋಷವಿದೆ: ಎಂಜಿನ್ನಿನ ತಿರುಚು ಅಚ್ಚಿನ ಬಲತುದಿಯನ್ನು ನೆಲದಿಂದ ಎತ್ತಲು ಹವಣಿಸುತ್ತದೆ. ಅದನ್ನು ತಡೆಯಲು ಅಡ್ಡಲಾಗಿ ಒಂದು ತಿರುಚುಸಲಾಕೆಯನ್ನು ಕೂಡಿಸಿದರು. ಗೂಡಿನ ಮೂತಿಯನ್ನು ಒಂದೆರಡು ಡಿಗ್ರಿ ಕೆಳಮುಖವಾಗಿ ಇಟ್ಟರು. ಬಲ ಬಿದ್ದಾಗ ಮೂತಿ ತಾನಾಗಿಯೇ ಮೇಲೆದ್ದು ನೆಟ್ಟಗಾಗುವುದು. ಕೊನೆಯ ದಿನ ತಾಯಿ ಬಂದು, ಚಾಪೆಯ ಮೇಲೆ ಮಲಗಿ, ಗಾಡಿಯ ಅಡಿಯಲ್ಲಿ ದೀಪ ಹಿಡಿದು, “ಆ ತಗಡು ಎಲ್ಲಿ?” ಎಂದು ಕೇಳಿದರು. ತಂದೆ ತೋರಿಸಿದರು. ಆಕೆ ನಾಲ್ಕು ಬೋಲ್ಟುಗಳನ್ನೂ ಬೆರಳಿನಿಂದ ಮುಟ್ಟಿ ಎಣಿಸಿ ಎದ್ದರು.

ಪೊಮೋನದ ರಸ್ತೆ ದೊಡ್ಡ ಓಟದ ಸಿದ್ಧತೆಯಲ್ಲಿದ್ದುದರಿಂದ ನಾವೆಲ್ಲರೂ ತಿಂಗಳ ಕೊನೆಯ ಶನಿವಾರ ಫಮೋಸೊ ಎಂಬಲ್ಲಿಗೆ ಹೊರಟೆವು. ಅದು ಸುಮಾರು ಮೂರು ಗಂಟೆಯ ದಾರಿ. ಓಟದ ಮೆತ್ತನೆಯ ಟೈರುಗಳನ್ನು ಹಿಂದಿನ ಸೀಟಿನ ಮೇಲೆ ಹೇರಿಕೊಂಡು ಮಗಳು ಮುಂದೆ. ನಾವೂ ಹಿರಿಯರಿಬ್ಬರೂ ಇನ್ನೊಂದು ಗಾಡಿಯಲ್ಲಿ ಹಿಂದೆ. ನಾಲ್ಕು ಸಾವಿರ ಅಡಿ ಎತ್ತರದ ತೆಹೋನ್ ಕಣಿವೆದಾರಿಯನ್ನು ದಾಟಿದೊಡನೆ ಬೆಟ್ಟ ಒಮ್ಮೆಗೇ ಮುಗಿದು, ಕೆಳಗೆ ಸ್ಯಾನ್ ವಾಕೀನ್ ಬಯಲು ಹಾಸಿದ ಚಾಪೆಯಂತೆ ಕಾಣಿಸಿತು. ಬೇಕರ್ಸ್‌ಫೀಲ್ಡ್ ಪಟ್ಟಣವನ್ನು ಕಳೆದ ಮೇಲೆ ದಾರಿಯ ಇಕ್ಕೆಲಗಳಲ್ಲಿಯೂ ಬಾದಾಮಿಯ ತೋಟಗಳು ಬಿಳಿಯ ಹೂ ತಳೆದು ನಿಂತಿದ್ದುವು. ಆ ತೋಟಗಳ ನಡುವೆಯೇ ಓಟದ ಅಂಕಣ. ಯುದ್ಧಕಾಲದಲ್ಲಿ ಅದು ವಿಮಾನಗಳಿಗೆ ಉಪಯೋಗವಾಗುತ್ತಿದ್ದ ಬಯಲು. ೧೯೫೯ರಿಂದ ಮಾರ್ಚ್ ತಿಂಗಳ ಪ್ರಸಿದ್ಧ ಓಟಕ್ಕೆ ನೆಲೆಯಾಯಿತು.

ಇಲ್ಲಿನ ಸಾಮಾನ್ಯರ ಪಂದ್ಯದ ಕ್ರಮ ಸೊಗಸಾದುದು. ಪ್ರತಿಯೊಬ್ಬರೂ ತಮ್ಮ ಗಾಡಿ ಎಷ್ಟು ಸೆಕೆಂಡಿನಲ್ಲಿ ಓಡುವುದೆಂದು ಮೊದಲೇ ಗಾಜಿನ ಮೇಲೆ ಬಿಳಿಯ ಬಣ್ಣದಲ್ಲಿ ಬರೆಯಬೇಕು. ನಿಧಾನದ ಗಾಡಿಗೆ ಅಷ್ಟು ಮುಂಚೆ ಹಸಿರು ದೀಪ ಬೀಳುತ್ತದೆ. ಬರೆದುದಕ್ಕಿಂತ ಬೇಗ ಓಡಿದವರು ಸೋತಂತೆ. ಹೀಗಾಗಿ ಹಳೆಯ ಗಾಡಿಯೂ ಹೊಸದನ್ನು ಗೆಲ್ಲಬಹುದು. ಬೇಕಾದುದು ಆಡಿದ ಮಾತಿಗೆ ತಪ್ಪದ ನಡತೆ. ಹಳೆಯ ಅಚ್ಚಿನಲ್ಲಿ ಆಕೆಯ ಓಟಗಳು ೧೧.೪೮, ೧೧.೮೩, ೧೧.೬೧ ಎಂದು ಚದರಿದ್ದುವು. ಆ ದಿನದ ಮೂರು ಪರೀಕ್ಷೆಯ ಓಟಗಳ ಚೀಟಿಗಳು ಬಂದುವು: ೧೧.೬೪, ೧೧.೬೬, ೧೧.೬೫. ವೇಗ ಹೆಚ್ಚಲಿಲ್ಲ. ಕುಪ್ಪಳಿಕೆ ನಿಂತಿತ್ತು. ದೀಪ ಬಿದ್ದೊಡನೆ ಗಾಡಿ ಹಿಂಗಾಲಿನ ಮೇಲೆ ಕುಳಿತು, ನೆಟ್ಟಗೆ, ಮೂರು ಬಾರಿಯೂ ಒಂದೇ ರೀತಿಯಲ್ಲಿ ಹೊರಟುಹೋಯಿತು. ಪಂದ್ಯದಲ್ಲಿ ಎರಡು ಸುತ್ತು ಗೆದ್ದು, ಮೂರನೆಯದರಲ್ಲಿ ಹಸಿರು ದೀಪಕ್ಕೆ ತುಸು ತಡವಾಗಿ ಎಚ್ಚೆತ್ತು ಆಕೆ ಸೋತಳು. ತಾಯಿ ಗೆಲವುಸೋಲನ್ನು ಕೇಳಲಿಲ್ಲ. ಮೂರು ಚೀಟಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಹಿಡಿದು ಓದಿ, ಮಡಿಸಿ, ಕೈಚೀಲದಲ್ಲಿಟ್ಟುಕೊಂಡರು.

ಬಲವು ಹೆಚ್ಚಿದಂತೆಲ್ಲ ಅದನ್ನು ತಾಳುವ ಕಟ್ಟೂ ಗಟ್ಟಿಯಾಗಬೇಕೆಂಬುದನ್ನು ಈ ಓಟದ ಜನ ನೋವುಂಡು ಕಲಿತಿದ್ದಾರೆ. ೨೦೦೮ರಲ್ಲಿ ನ್ಯೂ ಜರ್ಸಿಯಲ್ಲಿ ಪ್ರಸಿದ್ಧ ಓಟಗಾರ ಸ್ಕಾಟ್ ಕಲಿಟ್ಟ ಮಡಿದ ಮೇಲೆ, ಅತಿ ವೇಗದ ಗಾಡಿಗಳ ಓಟವನ್ನು ಕಾಲು ಮೈಲಿಯಿಂದ ೧೦೦೦ ಅಡಿಗಳಿಗೆ ಇಳಿಸಿದರು. ಒಂದೊಂದು ನಿಯಮದ ಹಿಂದೆಯೂ ಇಂತಹ ಒಂದು ಮನೆಯ ಕಥೆ ಇರಬಹುದು.

ಹಿಂದಿರುಗುವಾಗ ತಾಯಿ ಮಗಳ ಗಾಡಿಯಲ್ಲಿಯೇ ಕುಳಿತರು. ರಸ್ತೆಯ ಪ್ರತಿಯೊಂದು ಸಂದೂ ಈಗ ಆ ಗಾಡಿಯಲ್ಲಿ ಕುಳಿತವರಿಗೆ ತಿಳಿಯುವುದು. ಇಡಿಯಚ್ಚು ಕೇಳುವ ಬೆಲೆ ಅದು. ಬೆಟ್ಟದ ಬುಡದಲ್ಲಿ ಕಾಫಿಗೆಂದು ನಿಂತಾಗ, ಗಾಡಿ ಹೇಗಿದೆಯೆಂದು ನಾವು ವಿಚಾರಿಸಿದೆವು. “ಹಳ್ಳ ಬಂದಾಗಲೆಲ್ಲ ಬೆನ್ನಿಗೆ ತಗಲುತ್ತದೆ. ತಗಲಲಿ, ಅಚ್ಚು ಇದೆಯೆಂದು ಗೊತ್ತಾಗುತ್ತದೆ” ಎಂದರು ಆಕೆ.