ಬ್ರಹ್ಮಗಿರಿಯ ಬಂಡೆ, ಮೊಳಕಾಲ್ಮೂರಿನ ಅಜ್ಜಿಯರು

ಸಹೋದರಿಯರೇ, ಪ್ರವಾಸ ಎಂದೊಡನೆ ನಿಮಗೆ ಮಡಿಕೇರಿಯೋ ಊಟಿಯೋ ನೆನಪಾದೀತು. ಚಳ್ಳಕೆರೆಗೆ ಹೋಗೋಣ ಎಂದರೆ ಮಕ್ಕಳು ನಕ್ಕುಬಿಟ್ಟಾರು. ಅಲ್ಲಿ ಜಲಪಾತವಿಲ್ಲ, ತಂಪಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಅದೂ ಒಂದು. ಆದರೂ ಒಮ್ಮೆ ಬನ್ನಿ. ಮನೆಯಲ್ಲಿ ವಯಸ್ಸಾದ ಅತ್ತೆ-ಮಾವ, ತಾಯಿ-ತಂದೆ ಇರುವವರು ನೋಡಲೇಬೇಕಾದದ್ದು ಇಲ್ಲಿ ಬಹಳವಿದೆ.

ಬೆಂಗಳೂರಿನಿಂದ ಹೊರಟರೆ ಹಿರಿಯೂರಿನಲ್ಲಿ ಬಳ್ಳಾರಿ ರಸ್ತೆಗೆ ತಿರುಗಬೇಕು. ಕೆಂಪು ನೆಲ, ಶೇಂಗಾ ಹೊಲ, ಜಾಲಿ ಗಿಡಗಳ ನಡುವೆ ಚಳ್ಳಕೆರೆ ಬರುತ್ತದೆ. ಶೇಂಗಾ ಎಣ್ಣೆಯ ಮಿಲ್ಲುಗಳಿಂದಾಗಿ ಎಣ್ಣೆ ನಗರಿ ಎಂದು ಹೆಸರು ಪಡೆದ ಊರು. ಪಕ್ಕದ ಅಮೃತಮಹಲ್ ಕಾವಲುಗಳಲ್ಲಿ ಈಗ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳ ಬೇಲಿಗಳು ಎದ್ದಿವೆ. ನಾನು ಹೇಳಹೊರಟದ್ದು ಎಣ್ಣೆಯ ಕತೆಯನ್ನೂ ಅಲ್ಲ, ವಿಜ್ಞಾನದ ಕತೆಯನ್ನೂ ಅಲ್ಲ.

ಇಲ್ಲಿನ ಕಂಬಳಿಯನ್ನು ನೀವು ಕೇಳಿರಬಹುದು. ಕುರಿಯ ಉಣ್ಣೆಯನ್ನು ನೂಲು ಮಾಡುವ ಕೆಲಸ ಹೆಚ್ಚಾಗಿ ವಯಸ್ಸಾದ ಹೆಂಗಸರದ್ದು. ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿಮಾಡಿದ ನೂಲು ಮಗ್ಗಕ್ಕೆ ಏರುತ್ತದೆ. ಬಾಗಿಲ ಬಳಿ ಕಾಲುಚಾಚಿ ನೂಲುತ್ತಿದ್ದ ಒಬ್ಬ ಅಜ್ಜಿಯನ್ನು, "ವಯಸ್ಸೆಷ್ಟಮ್ಮಾ?" ಎಂದು ಕೇಳಿದೆ. "ದೊಡ್ಡ ಬರಗಾಲದಾಗ ಹುಟ್ಟಿದೋಳವ್ವ ನಾನು" ಎಂದರು. ಯಾವ ಬರಗಾಲ? ಈ ಸೀಮೆಯಲ್ಲಿ ಬರಗಾಲಗಳಿಗೇನು ಕೊರತೆಯೇ!

ನಗು ಬರುತ್ತದೆ ನಿಜ. ಆದರೆ ವೃದ್ಧಾಪ್ಯದ ಕಷ್ಟ ಆರಂಭವಾಗುವುದೇ ಇಲ್ಲಿ. ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮೊದಲಾದ ದುಡಿಯುವ ಬಡವರಿಗೆಂದು ರಾಜ್ಯ ಸರ್ಕಾರ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ತಂದಿತು. ಆರಂಭದಲ್ಲಿ ತಿಂಗಳಿಗೆ 400 ರೂಪಾಯಿ ಇದ್ದದ್ದು ಏರುತ್ತಾ 1,200 ರೂಪಾಯಿಗೆ ಬಂದಿದೆ. ಅದು ಸಿಗಬೇಕಾದರೆ 65 ವರ್ಷ ತುಂಬಿರಬೇಕು, ತುಂಬಿದೆ ಎಂದು ಕಾಗದ ಹೇಳಬೇಕು. ಆಧಾರ್ ಕಾರ್ಡಿನಲ್ಲಿ ಯಾರೋ ಅಂದಾಜಿನಲ್ಲಿ ಬರೆಸಿದ ವಯಸ್ಸು ಕಡಿಮೆ ಇದ್ದರೆ, ಬೆನ್ನು ಬಾಗಿದ ಅಜ್ಜಿಯೂ ಕಾಗದದಲ್ಲಿ ಇನ್ನೂ ಮುದುಕಿಯಲ್ಲ. ಜೀವಮಾನವೆಲ್ಲ ನೂಲು ತಿರುವಿ ಸವೆದ ಬೆರಳು ಯಂತ್ರದ ಮೇಲೆ ಒತ್ತಿದರೂ ಗುರುತು ಮೂಡದಿರುವುದುಂಟು. ದುಡಿದದ್ದಕ್ಕೆ ಅದೇ ಬೆರಳು ಸಾಕ್ಷಿ, ಆದರೆ ಯಂತ್ರ ಆ ಸಾಕ್ಷಿಯನ್ನು ಒಪ್ಪುವುದಿಲ್ಲ.

ಅಲ್ಲಿಂದ ಮೊಳಕಾಲ್ಮೂರಿಗೆ ಬಸ್ಸು ಹತ್ತಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟಿನ ಹಣವಿಲ್ಲ. ಮಂಡಿನೋವಿಗೆ ಔಷಧ ತರಲು, ಮಗಳ ಮನೆಗೆ ಹೋಗಲು ಗಂಡು ಮಕ್ಕಳ ಮುಂದೆ ಕೈಚಾಚುತ್ತಿದ್ದವರು ಈಗ ತಾವೇ ಚೀಲ ಹಿಡಿದು ಹೊರಟಿದ್ದಾರೆ. ಖಾಸಗಿ ಬಸ್ಸು ಮಾತ್ರ ಓಡುವ ಹಳ್ಳಿಯ ಅಜ್ಜಿಗೆ ಮಾತ್ರ ಈ ಭಾಗ್ಯವಿಲ್ಲ.

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಸೀರೆಗೆ ಹೆಸರಿದೆ, ನೇಯುವವರಿಗೆ ಹೆಸರಿಲ್ಲ. ಕುಣಿಮಗ್ಗದಲ್ಲಿ ಕುಳಿತು ಸಣ್ಣ ಎಳೆ ನೋಡೀ ನೋಡೀ ಕಣ್ಣು ಮಂಜಾಗುತ್ತದೆ, ಕಾಲುಗಳು ಸೋಲುತ್ತವೆ. ಮಕ್ಕಳು ಬೆಂಗಳೂರು ಸೇರಿದರೆ ಮಗ್ಗದ ಮುಂದೆ ಉಳಿಯುವವರು ಮುದುಕ ಮುದುಕಿ ಇಬ್ಬರೇ.

ಇದು ಒಂದೂರಿನ ಮಾತಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ನೂರು ಜನರಲ್ಲಿ 60 ದಾಟಿದವರು ಒಂಬತ್ತೂವರೆ ಮಂದಿ. 2031ರ ಹೊತ್ತಿಗೆ ಅದು ಸುಮಾರು 15 ಆಗಬಹುದೆಂದು ಸರ್ಕಾರಿ ಅಂದಾಜು. ಇತ್ತ ಹೆರಿಗೆಯ ಪ್ರಮಾಣ 2019-21ರ ಹೊತ್ತಿಗೆ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳಿಗೆ ಇಳಿದಿತ್ತು. ಅಂದರೆ ನಮ್ಮ ನಾನಿಯನ್ನು ನೋಡಿಕೊಳ್ಳಲು ಆರು ಮಕ್ಕಳಿದ್ದರು. ನಮ್ಮನ್ನು ನೋಡಿಕೊಳ್ಳಲು ಒಬ್ಬರೋ ಇಬ್ಬರೋ. ಆ ಒಬ್ಬರೂ ದುಬೈಯಲ್ಲಿದ್ದರೆ? ಸೇವೆಯ ಭಾರ ಕೊನೆಗೆ ಬೀಳುವುದು ಮನೆಯ ಸೊಸೆಯ ಮೇಲೆ. ಅವಳಿಗೆ ಯಾರೂ ಸಂಬಳ ಕೊಡುವುದಿಲ್ಲ, ರಜೆಯನ್ನಂತೂ ಕೇಳಲೇಬೇಡಿ.

ಕೇರಳ ನಮಗಿಂತ ಮೊದಲೇ ಮುದಿಯಾದ ರಾಜ್ಯ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆ ಮಲಪ್ಪುರಂ ಮುಂತಾದ ಕಡೆ ಊರವರ ಕೆಲಸವಾಯಿತು. ನೆರೆಮನೆಯವರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ನಮ್ಮ ಮೊಹಲ್ಲಾಗಳಲ್ಲಿ ಅದೇಕೆ ಆಗಬಾರದು? ವಾರಕ್ಕೊಮ್ಮೆ ನಾಲ್ವರು ಸಹೋದರಿಯರು ಸೇರಿದರೆ ಒಬ್ಬ ಸೊಸೆಗೆ ಅರ್ಧ ದಿನ ಬಿಡುವು ಸಿಗುತ್ತದೆ.

ಕಾನೂನನ್ನೂ ತಿಳಿದಿಟ್ಟುಕೊಳ್ಳಿ. 2007ರ ಹಿರಿಯ ನಾಗರಿಕರ ಕಾಯ್ದೆಯಂತೆ ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಪಡೆಯಬಹುದು. ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವಾಗ, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆಗ ಮಾತು ತಪ್ಪಿದರೆ ದಾನ ರದ್ದುಗೊಳಿಸುವಂತೆ ಕೇಳುವ ದಾರಿ ಗಟ್ಟಿಯಾಗಿರುತ್ತದೆ. ಬಾಯಿಮಾತನ್ನು ನಂಬಿ ಸಹಿ ಹಾಕುವ ತಾಯಂದಿರೇ ಹೆಚ್ಚು. ಸಲಹೆ ಬೇಕಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. 70 ದಾಟಿದವರಿಗೆ ಆದಾಯ ಎಷ್ಟೇ ಇರಲಿ, 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಗೆ ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಘೋಷಿಸಿದೆ.

ಮರಳುವ ಮುನ್ನ ಅಶೋಕ ಸಿದ್ಧಾಪುರದ ಬಳಿಯ ಬ್ರಹ್ಮಗಿರಿಗೆ ಹೋಗಿ. 1892ರಲ್ಲಿ ಬಿ. ಎಲ್. ರೈಸ್ ಅವರು ಗುರುತಿಸಿದ ಅಶೋಕನ ಶಾಸನ ಅಲ್ಲಿದೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ತಂದೆತಾಯಿಯರ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ, ಗುರುವನ್ನು ಗೌರವಿಸಿ ಎಂಬುದು ಅದರ ಸಾರ. ಇದು ಪ್ರಾರ್ಥನೆಯಲ್ಲ, ಸರ್ಕಾರಿ ಸುತ್ತೋಲೆ! ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಅದನ್ನು ಕಲ್ಲಿನಲ್ಲಿ ಕೊರೆಸಬೇಕಾಗಿ ಬಂದಿತ್ತೆಂದರೆ, ಅಂದಿನ ಮಕ್ಕಳೂ ನಮ್ಮ ಮಕ್ಕಳಂತೆಯೇ ಇದ್ದರೋ ಏನೋ.

ಬಂಡೆಯ ಬಳಿ ನೆರಳು ಕಡಿಮೆ. ಹಿರಿಯರನ್ನು ಕರೆತರುವುದಾದರೆ ಬೆಳಗ್ಗೆಯೇ ಬನ್ನಿ, ನೀರು ಜೊತೆಗಿರಲಿ.